ಉದ್ರಿ ಪುಸ್ತಕದ ಹಿಂದಿನ ಪುಟಗಳು

ಅರಸೀಕೆರೆಯಲ್ಲಿ ನನ್ನ ಸೋದರಮಾವನದೊಂದು ದಿನಸಿ ಅಂಗಡಿ ಇದೆ. ಗಲ್ಲಾಪೆಟ್ಟಿಗೆಯ ಪಕ್ಕ, ಊದುಬತ್ತಿ ಪೊಟ್ಟಣಗಳ ಕೆಳಗೆ, ಕೆಂಪು ರಟ್ಟಿನ ಉದ್ದನೆಯ ಉದ್ರಿ ಪುಸ್ತಕ. ಮುಂದಿನಿಂದ ತೆಗೆದರೆ ಗಿರಾಕಿಗಳ ಲೆಕ್ಕ: ಯಾರು ಎಷ್ಟು ಸಕ್ಕರೆ ಒಯ್ದರು, ಯಾರ ಮನೆಯಿಂದ ಎಷ್ಟು ಬರಬೇಕು. ಅದನ್ನೇ ತಿರುಗಿಸಿ ಹಿಂದಿನಿಂದ ತೆಗೆದರೆ ಆರ್‌ಸಿಬಿ, ಅಂದರೆ ಬೆಂಗಳೂರಿನ ಐಪಿಎಲ್ ಕ್ರಿಕೆಟ್ ತಂಡದ ಲೆಕ್ಕ. ವರ್ಷಕ್ಕೊಂದು ಸಾಲು, ಕೆಲವು ವರ್ಷ ಎರಡು. ಎಡಗಡೆ ತಾರೀಖು, ನಡುವೆ ಸ್ಕೋರು, ಬಲಗಡೆಯ ಅಂಕಣದ ತಲೆಯ ಮೇಲೆ 'ಬಾಕಿ' ಅಂತ ಬರೆದು ಅಡಿಗೆರೆ. ಪುಸ್ತಕ ತುಂಬಿ ಹೊಸದು ತಂದಾಗ ಗಿರಾಕಿಗಳ ಹಳೇ ಬಾಕಿ ಹೊಸ ಪುಸ್ತಕಕ್ಕೆ ಏರುತ್ತದಲ್ಲ, ಹಾಗೆಯೇ ಈ ಸಾಲುಗಳೂ ಏರುತ್ತವೆ. 2009ರ ಸಾಲನ್ನು ಮಾವ ಎಷ್ಟು ಸಲ ಕೈಯಾರೆ ಬರೆದಿದ್ದಾರೋ, ಅವರಿಗೇ ಲೆಕ್ಕ ತಪ್ಪಿದೆ.

ಸೋಲುವ ತಂಡವನ್ನು ಜನ ಯಾಕೆ ಬಿಡುವುದಿಲ್ಲ ಎಂದು ಕೇಳಿದರೆ ಅಭಿಮಾನ, ಹುಚ್ಚು, ಊರಿನ ಹೆಸರು ಅಂತ ಉತ್ತರ ಥಟ್ಟನೆ ಬರುತ್ತದೆ. ನಾನು ಹದಿನೆಂಟು ವರ್ಷ ಒಬ್ಬರನ್ನು ಹತ್ತಿರದಿಂದ ನೋಡಿದ್ದೇನೆ. ಅವರ ಪಕ್ಕದ ಸ್ಟೂಲಿನ ಮೇಲೆ ಕೂತು ನಾನೂ ಸೋತಿದ್ದೇನೆ. ನನಗೆ ಸಿಕ್ಕ ಉತ್ತರ ಆ ಬಲಗಡೆಯ ಅಂಕಣದಲ್ಲಿದೆ. ಹಾಗಾಗಿ ಇದು ಒಂದು ಅಂಗಡಿಯ, ಒಬ್ಬ ಅಭಿಮಾನಿಯ ಪ್ರಕರಣ. ಲಕ್ಷಾಂತರ ಮನೆಗಳಲ್ಲಿ ನಡೆದದ್ದು ಇದಕ್ಕಿಂತ ಬಹಳ ಬೇರೆ ಇರಲಾರದು ಎಂದು ನನ್ನ ನಂಬಿಕೆ.

ಹಳೇ ಖಾತೆ

ಮಾವ ಸೋಲಿನಲ್ಲಿ ಬೆಳೆದವರಲ್ಲ. ಇದನ್ನು ಮೊದಲು ಹೇಳಬೇಕು. 1974ರಲ್ಲಿ ಅವರು ಮಿಡ್ಲ್ ಸ್ಕೂಲ್ ಹುಡುಗ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದು ಆರು ತಿಂಗಳೂ ಆಗಿರಲಿಲ್ಲ. ರಾಜ್ಯ ತಂಡಗಳು ಆಡುವ ರಣಜಿ ಟ್ರೋಫಿಯನ್ನು ಸತತ 15 ವರ್ಷ ಗೆದ್ದು ಕೂತಿದ್ದ ಬಾಂಬೆಯನ್ನು ಪ್ರಸನ್ನ ನಾಯಕತ್ವದ ಕರ್ನಾಟಕ ಸೆಮಿಫೈನಲ್‌ನಲ್ಲಿ ತಡೆಯಿತು. ಆಮೇಲೆ ರಾಜಸ್ಥಾನವನ್ನು ಸೋಲಿಸಿ ಮೊದಲ ಸಲ ಟ್ರೋಫಿ ಮನೆಗೆ ತಂದಿತು. ಅದನ್ನು ರೇಡಿಯೋಕ್ಕೆ ಕಿವಿಯಿಟ್ಟು ಕೇಳಿದ ಹುಡುಗ, ಆಮೇಲೆ ವಿಶ್ವನಾಥ್, ಬ್ರಿಜೇಶ್ ಪಟೇಲ್, ಕಿರ್ಮಾನಿ ಅಂತ ಹೆಸರುಗಳನ್ನು ಮನೆಯವರ ಹೆಸರಿನ ಹಾಗೆ ಹೇಳುತ್ತಾ ಬೆಳೆದರು. ತೊಂಬತ್ತರ ದಶಕದಲ್ಲಿ ನಾಲ್ಕು ವರ್ಷದೊಳಗೆ ಮೂರು ರಣಜಿ ಬಂತು. ಒಂದು ಕಾಲಕ್ಕೆ ಭಾರತ ತಂಡದಲ್ಲಿ ಕುಂಬ್ಳೆ, ಶ್ರೀನಾಥ್, ದ್ರಾವಿಡ್, ವೆಂಕಟೇಶ್ ಪ್ರಸಾದ್, ಸುನಿಲ್ ಜೋಶಿ ಒಟ್ಟಿಗೆ ಇದ್ದರು. ಕ್ರಿಕೆಟ್ ಅಂದರೆ ನಮ್ಮವರು ಗೆಲ್ಲುವ ಆಟ ಎಂದೇ ಮಾವ ತಿಳಿದಿದ್ದರು.

ಅಂಥವರ ಮುಂದೆ 2008ರ ಏಪ್ರಿಲ್ 18ರ ರಾತ್ರಿ ಬಂತು. ಐಪಿಎಲ್‌ನ ಮೊಟ್ಟಮೊದಲ ಪಂದ್ಯ, ಚಿನ್ನಸ್ವಾಮಿಯಲ್ಲಿ. ಅಂಗಡಿಯ ಪುಟ್ಟ ಟಿವಿ ಮುಂದೆ ಹನ್ನೆರಡು ಜನ. ಕೋಲ್ಕತ್ತದ ಮೆಕಲಮ್ ಒಬ್ಬನೇ 73 ಎಸೆತಕ್ಕೆ 158 ಹೊಡೆದ. ಅವರದು 222. ನಮ್ಮದು 82ಕ್ಕೆ ಎಲ್ಲಾ ಖಲಾಸ್. ಎರಡಂಕಿ ಮುಟ್ಟಿದ ಬ್ಯಾಟ್ಸ್‌ಮನ್ ಒಬ್ಬನೇ, ಪ್ರವೀಣ್ ಕುಮಾರ್. ಅವನ 18ಕ್ಕಿಂತ ಎಕ್ಸ್‌ಟ್ರಾ ರನ್ನೇ ಒಂದು ಹೆಚ್ಚು. 1 ರನ್ನಿಗೆ ಔಟಾಗಿ ಹೋದ ಹುಡುಗನೊಬ್ಬನ ಹೆಸರು ಕೊಹ್ಲಿ ಅಂತ ಆವತ್ತು ಯಾರೂ ಗಮನ ಕೊಡಲಿಲ್ಲ. ಜನ ಎದ್ದು ಹೋದ ಮೇಲೆ ಮಾವ ಉದ್ರಿ ಪುಸ್ತಕ ತಿರುಗಿಸಿ, ಹಿಂದಿನ ಪುಟದಲ್ಲಿ ಗೆರೆ ಎಳೆದು, ಬಾಕಿ ಅಂಕಣದಲ್ಲಿ 140 ಅಂತ ಬರೆದರು. "ಮೊದಲನೇ ದಿನವೇ ದೊಡ್ಡ ಉದ್ರಿ ಹೋಯ್ತು ಕಣೋ."

ತಮಾಷೆಗೆ ಶುರುವಾದದ್ದು. ಮುಂದಿನ ವರ್ಷ ತಮಾಷೆ ಉಳಿಯಲಿಲ್ಲ.

ಆರು

2009ರ ಐಪಿಎಲ್ ಲೋಕಸಭೆ ಚುನಾವಣೆಯ ಕಾರಣಕ್ಕೆ ದಕ್ಷಿಣ ಆಫ್ರಿಕಾಕ್ಕೆ ಹೋಯಿತು. ನಡುವೆ ನಾಯಕತ್ವ ಕುಂಬ್ಳೆ ಕೈಗೆ ಬಂತು, ತಂಡ ಎದ್ದು ನಿಂತಿತು. ಮೇ 24, ಜೊಹಾನ್ಸ್‌ಬರ್ಗ್, ಫೈನಲ್. ಎದುರಾಳಿ ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್. ಕುಂಬ್ಳೆ ತಾವೇ ಮೊದಲ ಓವರ್ ಹಾಕಿ ಗಿಲ್‌ಕ್ರಿಸ್ಟ್‌ನನ್ನು ಸೊನ್ನೆಗೆ ಕಳಿಸಿದರು. ಒಟ್ಟು 16 ರನ್ನಿಗೆ 4 ವಿಕೆಟ್. ಡೆಕ್ಕನ್ 143. ಹೊಡೆಯಬಹುದಾದ ಮೊತ್ತ. ಕೊನೆಯ ಓವರಿಗೆ 15 ಬೇಕಿತ್ತು. 8 ಬಂತು. 137ಕ್ಕೆ ನಿಂತಿತು. ಸೋತ ತಂಡದ ಕುಂಬ್ಳೆಗೇ ಪಂದ್ಯಶ್ರೇಷ್ಠ ಕೊಟ್ಟರು. ಅವರು ಅದನ್ನು ಕೈಗೆ ತೆಗೆದುಕೊಂಡ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮುಖದಲ್ಲಿ ಏನೂ ಇರಲಿಲ್ಲ.

ಬಾಕಿ: 6.

ಎಂಟು ತಿಂಗಳಾಗಲಿಲ್ಲ. 2010ರ ಸಂಕ್ರಾಂತಿ ಹೊತ್ತಿಗೆ ರಣಜಿ ಫೈನಲ್ ಮೈಸೂರಿಗೆ ಬಂತು, ಮಾನಸಗಂಗೋತ್ರಿಯ ಗ್ಲೇಡ್ಸ್ ಮೈದಾನಕ್ಕೆ. ಎದುರಾಳಿ ಮತ್ತೆ ಮುಂಬೈ. ಮಾವ ಅಂಗಡಿಯನ್ನು ಅತ್ತೆಯ ಕೈಗೆ ಕೊಟ್ಟು ಹಾಸನದ ಮೇಲೆ ಹೋಗುವ ರೈಲು ಹಿಡಿದು ಮೈಸೂರಿಗೆ ಹೋದರು. ಅಲ್ಲಿ ಜಾಗ ಸಾಲದೆ ಮರ ಹತ್ತಿ ಕೂತವರೂ ಇದ್ದರಂತೆ. ಗೆಲ್ಲಲು 338 ಬೇಕು. ಮನೀಶ್ ಪಾಂಡೆ 144 ಹೊಡೆದ. ಗೆದ್ದೇ ಬಿಟ್ಟೆವು ಅನ್ನುವ ಹೊತ್ತಿಗೆ ಒಂದೊಂದೇ ವಿಕೆಟ್ ಉದುರಿ 331ಕ್ಕೆ ಆಟ ಮುಗಿಯಿತು. ಮತ್ತೆ ಆರು ರನ್. ಮಾವ ಅದನ್ನೂ ಆರ್‌ಸಿಬಿ ಪುಟದಲ್ಲೇ ಬರೆದರು. "ಇದು ಬೇರೆ ತಂಡ ಅಲ್ವಾ ಮಾವ" ಅಂದೆ. "ಖಾತೆ ಒಂದೇ ಕಣೋ" ಅಂದರು.

ಈ ಎರಡು ಆರುಗಳನ್ನು ಹೇಳದೆ ಮಾವನ ನಿಷ್ಠೆ ಅರ್ಥವಾಗದು. 140 ರನ್ ಸೋಲನ್ನು ಅವರು ಯಾವತ್ತೂ ಮಾತಿಗೆ ಎತ್ತಿದವರಲ್ಲ. 2011ರ ಫೈನಲ್ ಕೂಡ ಹಾಗೆಯೇ. ನಡುವೆ ಬಂದ ಗೇಲ್ 608 ರನ್ ಹೊಡೆದು ತಂಡವನ್ನು ಪಟ್ಟಿಯ ತುದಿಗೆ ಏರಿಸಿದ್ದ. ಫೈನಲ್‌ನಲ್ಲಿ ಚೆನ್ನೈ 205 ಹೊಡೆದು, ಅಶ್ವಿನ್ ಮೊದಲ ಓವರಿನಲ್ಲೇ ಗೇಲ್‌ನನ್ನು ಸೊನ್ನೆಗೆ ಎತ್ತಿದ. 58 ರನ್ ಸೋಲು. ಮಾವ ಬರೆದು ಪುಸ್ತಕ ಮುಚ್ಚಿದರು, ಊಟ ಮಾಡಿದರು, ಮಲಗಿದರು. ಆರು ರನ್ ಮಾತ್ರ ಹಾಗೆ ಮಲಗಲು ಬಿಡಲಿಲ್ಲ. ಯಾಕೆ ಎಂದು ಒಮ್ಮೆ ಕೇಳಿದಾಗ ಅವರು ಪುಸ್ತಕದ ಮುಂದಿನ ಭಾಗ ತೆಗೆದು ಎರಡು ಹೆಸರು ತೋರಿಸಿದರು. ಒಬ್ಬ ಹದಿನೆಂಟು ಸಾವಿರ ಬಾಕಿ ಇಟ್ಟು ಊರು ಬಿಟ್ಟವನು. ಅವನ ಹೆಸರಿನ ಮೇಲೆ ಅಡ್ಡಗೆರೆ. ಇನ್ನೊಬ್ಬ ಅರವತ್ತು ರೂಪಾಯಿ ಉಳಿಸಿಕೊಂಡವನು, ದಿನಾ ಅಂಗಡಿ ಮುಂದೆಯೇ ಓಡಾಡುವವನು. "ಮುಳುಗಿದ್ದು ಮುಳುಗ್ತು, ಅದರ ಯೋಚನೆ ಬರಲ್ಲ. ಕಣ್ಣೆದುರಿಗೆ ಓಡಾಡೋ ಅರವತ್ತು ರೂಪಾಯಿ ಇದೆಯಲ್ಲ, ಅದು ನಿದ್ದೆ ಕೆಡಿಸುತ್ತೆ."

ನನ್ನ ತಿಳಿವಳಿಕೆಯಲ್ಲಿ ಈ ಪ್ರಕರಣದ ತಿರುಳು ಇಷ್ಟೇ. ಹೀನಾಯವಾಗಿ ಸೋಲುವ ತಂಡವನ್ನು ಮರೆಯಬಹುದು. ಕೈಗೆ ಬಂದದ್ದನ್ನು ಒಂದು ಹೊಡೆತದಲ್ಲಿ ಕಳೆದುಕೊಳ್ಳುವ ತಂಡ ನಮ್ಮನ್ನು ಸಾಲ ಕೊಟ್ಟವರನ್ನಾಗಿ ಮಾಡುತ್ತದೆ. ಬಿಟ್ಟು ಹೋದರೆ ಬರಬೇಕಾದ್ದನ್ನು ನಾವೇ ಮನ್ನಾ ಮಾಡಿದ ಹಾಗೆ. 2008ರಿಂದ ಆಡುತ್ತಾ ಕಪ್ ಮುಟ್ಟದ ತಂಡ ಆರ್‌ಸಿಬಿ ಒಂದೇ ಆಗಿರಲಿಲ್ಲ. ಪಂಜಾಬ್ ಇತ್ತು, ಡೆಲ್ಲಿ ಇತ್ತು. ಆದರೆ 2024ರ ತನಕ ಅವೆರಡೂ ಫೈನಲ್ ಕಂಡದ್ದು ಒಂದೊಂದೇ ಸಲ. ನಾವು ಮೂರು ಸಲ ಬಾಗಿಲವರೆಗೆ ಹೋಗಿ ಬಂದಿದ್ದೆವು, ಅದರಲ್ಲಿ ಎರಡು ಸಲ ಸೇರಿ ಕಡಿಮೆ ಬಿದ್ದದ್ದು 14 ರನ್. ಇತ್ತ 2009ರಲ್ಲಿ ನಮ್ಮ ಆರು ರನ್ ಇಟ್ಟುಕೊಂಡ ಡೆಕ್ಕನ್ ಚಾರ್ಜರ್ಸ್ 2012ಕ್ಕೆ ಮುಚ್ಚಿಯೇ ಹೋಯಿತು. ಆ ವರ್ಷ ಹೋಗುವ ಮುಂಚೆ ಇನ್ನೊಂದು ಏಟು ಕೊಟ್ಟಿತು: ಕೊನೆಯ ಲೀಗ್ ಪಂದ್ಯದಲ್ಲಿ 133 ಹೊಡೆಯಲಾಗದೆ ನಾವು 9 ರನ್ನಿಗೆ ಸೋತು ಪ್ಲೇ ಆಫ್ ಕಳೆದುಕೊಂಡೆವು. "ಸಾಲಗಾರನೇ ಊರು ಬಿಟ್ಟ, ಇನ್ನು ಯಾರನ್ನ ಕೇಳೋದು" ಎಂದು ಮಾವ ನಿಜವಾಗಿಯೂ ನೊಂದರು.

'ಈ ಸಲ ಕಪ್ ನಮ್ದೇ' ಎಂಬ ಮಾತನ್ನು ಬೇರೆ ರಾಜ್ಯದವರು ಜಂಬ ಅಂದುಕೊಂಡು ವರ್ಷಗಟ್ಟಲೆ ಆಡಿಕೊಂಡರು. ಕನ್ನಡ ಬಲ್ಲವರಿಗೆ ಆ ಕೊನೆಯ ಏಕಾರ ಕೇಳಿಸಬೇಕು. ನಮ್ದು ಅಂದರೆ ವಸ್ತು ಕೈಯಲ್ಲಿದೆ. ನಮ್ದೇ ಅಂದರೆ ಕೈಯಲ್ಲಿಲ್ಲ, ಇನ್ನೊಬ್ಬರ ಹತ್ತಿರ ಇದೆ, ಆದರೂ ಅದು ನಮಗೆ ಸೇರಬೇಕಾದ್ದು. ಗದ್ದೆಯ ಬದುವಿನ ಜಗಳದಲ್ಲಿ ಬರುವ ಏಕಾರ ಅದು. ಇದ್ದವರು ಆಡುವ ಮಾತಲ್ಲ, ಬರಬೇಕಾದವರು ಆಡುವ ಮಾತು.

ಎಂಟು

2016ರಲ್ಲಿ ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೆ. ಫೈನಲ್ ಚಿನ್ನಸ್ವಾಮಿಯಲ್ಲೇ. ಹೇಗೋ ಎರಡು ಟಿಕೆಟ್ ಸಿಕ್ಕಿತು, ಮಾವನನ್ನು ಕರೆಸಿಕೊಂಡೆ. ಆ ವರ್ಷ ಕೊಹ್ಲಿ ನಾಲ್ಕು ಶತಕ, 973 ರನ್. ಇನ್ನೇನು ಬೇಕು? ಮೇ 29ರ ಸಂಜೆ ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಮದುವೆಗೆ ಹೊರಟವರ ಹಾಗೆ ಬಂದಿದ್ದರು.

ಎದುರಾಳಿ ಹೈದರಾಬಾದಿನ ಹೊಸ ತಂಡ ಸನ್‌ರೈಸರ್ಸ್ 208 ಹೊಡೆಯಿತು. ನಮ್ಮ ವಾಟ್ಸನ್ 4 ಓವರಿಗೆ 61 ಕೊಟ್ಟ. ಆದರೂ ಗೇಲ್ ಮತ್ತು ಕೊಹ್ಲಿ ಹತ್ತೂವರೆ ಓವರಿಗೆ 114 ಸೇರಿಸಿದಾಗ ಮೈದಾನದಲ್ಲಿ ಕೂತವರು ಯಾರೂ ಇರಲಿಲ್ಲ. ಮಾವ ನನ್ನ ಭುಜ ಹಿಡಿದುಕೊಂಡಿದ್ದರು, ಉಗುರು ಒತ್ತುತ್ತಿತ್ತು. ಆಮೇಲೆ ಗೇಲ್ ಹೋದ, ಕೊಹ್ಲಿ ಹೋದ, ಡಿವಿಲಿಯರ್ಸ್ ಹೋದ, ರಾಹುಲ್ ಹೋದ. ಕೊನೆಯ ಓವರಿಗೆ 18 ಬೇಕು, ಬೌಲರ್ ಭುವನೇಶ್ವರ್ ಕುಮಾರ್. 200ಕ್ಕೆ ನಿಂತಿತು.

ಮೂವತ್ತು ಸಾವಿರ ಜನ ಒಟ್ಟಿಗೆ ಸುಮ್ಮನಾದರೆ ಹೇಗಿರುತ್ತದೆಂದು ಆವತ್ತು ಗೊತ್ತಾಯಿತು. ಅಳುತ್ತಿದ್ದ ಒಬ್ಬ ಹುಡುಗನ ಕೆನ್ನೆಯ ಮೇಲೆ ಬಳಿದ ಕೆಂಪು ಬಣ್ಣ ಕತ್ತಿನವರೆಗೆ ಇಳಿದಿತ್ತು. ಭೂಗತ ಮೆಟ್ರೊ ಶುರುವಾಗಿ ಒಂದು ತಿಂಗಳಾಗಿತ್ತಷ್ಟೆ. ಆ ಜನಸಂದಣಿಯಲ್ಲಿ ಅದರೊಳಗೆ ಇಳಿಯುವುದು ಬೇಡವೆಂದು ಇಬ್ಬರೂ ಮೆಜೆಸ್ಟಿಕ್‌ವರೆಗೆ ನಡೆದೆವು. ದಾರಿಯುದ್ದಕ್ಕೂ ಕೆಂಪು ಜೆರ್ಸಿಗಳು ಮಾತಿಲ್ಲದೆ ನಡೆಯುತ್ತಿದ್ದವು. ಕೆ.ಜಿ. ರಸ್ತೆಗೆ ಬಂದಾಗ ಮಾವ ಮೊದಲ ಸಲ ಬಾಯಿಬಿಟ್ಟರು. "ಎಂಟು. ಆರು ಮತ್ತೆ ಎಂಟು." ರೈಲು ಹೊರಡುವವರೆಗೂ ಇನ್ನೊಂದು ಮಾತಾಡಲಿಲ್ಲ.

ಎರಡು ವರ್ಷದ ಮೇಲೆ, 2018ರ ಫೈನಲ್‌ನಲ್ಲಿ, ಅದೇ ವಾಟ್ಸನ್ ಚೆನ್ನೈ ಪರ ಅದೇ ಹೈದರಾಬಾದ್ ಮೇಲೆ 117 ಹೊಡೆದು ಕಪ್ ಗೆಲ್ಲಿಸಿದ. ಮಾವ ಟಿವಿ ಆರಿಸಿದರು. "ನಮ್ಮಲ್ಲಿ ಉದ್ರಿ ಇಟ್ಟ ಗಿರಾಕಿ ಎದುರಿನ ಅಂಗಡೀಲಿ ನಗದು ಕೊಟ್ಟು ಸಾಮಾನು ತಗೊಂಡ ಹಾಗಾಯ್ತು ನೋಡು."

ಸೋಲಿಗೆ ಕಾರಣ ಹಣೆಬರಹ ಅಂತ ಎಷ್ಟೋ ಜನ ಬರೆದರು, ನಾನು ಒಪ್ಪುವುದಿಲ್ಲ. ಚಿನ್ನಸ್ವಾಮಿ ಚಿಕ್ಕ ಮೈದಾನ, ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ತಾಗಿದ ಚೆಂಡು ಹಾರಿ ಹೋಗುತ್ತದೆ. ಅಂಥ ಕಡೆ ಏಳು ಪಂದ್ಯ ಆಡುವ ತಂಡಕ್ಕೆ ಮೊದಲು ಬೇಕಾದ್ದು ಬೌಲರ್‌ಗಳು. ನಾವು ವರ್ಷ ವರ್ಷವೂ ಹರಾಜಿನ ದುಡ್ಡನ್ನು ಮೇಲಿನ ಮೂರು ನಾಲ್ಕು ಬ್ಯಾಟ್ಸ್‌ಮನ್‌ಗಳ ಮೇಲೆ ಸುರಿದೆವು. ಕೊನೆಯ ನಾಲ್ಕು ಓವರ್ ಹಾಕುವವರನ್ನು ಉಳಿದ ಚಿಲ್ಲರೆಯಲ್ಲಿ ಹುಡುಕಿದೆವು. ಸಿಕ್ಕ ಬೌಲರನ್ನೂ ಉಳಿಸಿಕೊಳ್ಳಲಿಲ್ಲ. ತಂಡದ ಪರ ಎಲ್ಲರಿಗಿಂತ ಹೆಚ್ಚು ವಿಕೆಟ್ ತೆಗೆದ ಚಾಹಲ್‌ನನ್ನು 2022ರಲ್ಲಿ ಬಿಟ್ಟುಕೊಟ್ಟೆವು. 2013ರ ಏಪ್ರಿಲ್ 23ರಂದು ಗೇಲ್ 175 ಹೊಡೆದು ತಂಡ 263 ಮಾಡಿದ್ದೂ, 2017ರ ಏಪ್ರಿಲ್ 23ರಂದು ಈಡನ್ ಗಾರ್ಡನ್ಸ್‌ನಲ್ಲಿ 49ಕ್ಕೆ ಮುದುರಿಕೊಂಡದ್ದೂ ಇದೇ ತಂಡ. 49ರ ಆ ಸೋಲಿನ ಅಂತರ 82 ರನ್. 2008ರ ಮೊದಲ ರಾತ್ರಿ ಅದೇ ಕೋಲ್ಕತ್ತದೆದುರು ನಮ್ಮ ಮೊತ್ತವೂ 82. ಇದನ್ನು ನನಗೆ ತೋರಿಸಿಕೊಟ್ಟದ್ದು ಆ ಪುಸ್ತಕ. ಗೆಲ್ಲುವ ತಂಡದವರಿಗೆ ಕಪ್‌ಗಳ ಎಣಿಕೆ ಸಾಕು, ಸ್ಕೋರು ನೆನಪಿಡಬೇಕಾಗಿಲ್ಲ. ಇಲ್ಲಿ ಪ್ರತಿ ಅಂಕಿಯೂ ಬಾಯಿಪಾಠ.

ಬಿಟ್ಟು ಹೋದವರು

49ರ ಮರುದಿನ ಎದುರಿನ ಟೈಲರ್ ಅಣ್ಣ ಅಂಗಡಿಗೆ ಬಂದು, "ಸಾಕು ಸ್ವಾಮಿ, ಇನ್ಮೇಲೆ ನಾನು ಚೆನ್ನೈ" ಅಂದರು. ಒಂಬತ್ತು ವರ್ಷ ಅದೇ ಬೆಂಚಿನ ಮೇಲೆ ಕೂತವರು. ಮಾವ ಜಗಳ ಆಡಲಿಲ್ಲ. ಟೈಲರ್ ಅಣ್ಣನ ಲೆಕ್ಕವೂ ಸರಿಯಾಗಿಯೇ ಇತ್ತು: ದಿನವಿಡೀ ಹೊಲಿದು ಸಂಜೆ ಎರಡು ಗಂಟೆ ಖುಷಿ ಬೇಕು, ಖುಷಿ ಕೊಡುವ ತಂಡ ಹಿಡಿದರೆ ತಪ್ಪೇನು? ಮುಂದಿನ ವರ್ಷಗಳಲ್ಲಿ ಅವರು ಎರಡು ಮೂರು ಕಪ್ ಕಂಡರು. ಆದರೆ ಆ ಗೆಲುವನ್ನು ಯಾರ ಹತ್ತಿರ ಹೇಳಿಕೊಳ್ಳಬೇಕೋ ಅವರಿಗೆ ತಿಳಿಯುತ್ತಿರಲಿಲ್ಲ. ನಮ್ಮ ಬೀದಿಯಲ್ಲಿ ಅದು ಯಾರದ್ದೂ ಆಗಿರಲಿಲ್ಲ.

ಇನ್ನೊಂದು ಪ್ರಶ್ನೆ ಬಿಟ್ಟು ಹೋದವರದಲ್ಲ, ಬಿಟ್ಟುಕೊಟ್ಟವರದು. ತಂಡದಲ್ಲಿ ನಮ್ಮವರು ಎಷ್ಟು? 2008ರಲ್ಲಿ ದ್ರಾವಿಡ್, ಕುಂಬ್ಳೆ, ವಿನಯ್ ಕುಮಾರ್ ಇದ್ದ ಕಡೆ ವರ್ಷ ಕಳೆದಂತೆ ಕನ್ನಡ ಮಾತಾಡುವವರನ್ನು ಹುಡುಕಬೇಕಾಯಿತು. ಈ ನೋವು ಅತಿ ಹೆಚ್ಚು ಚುಚ್ಚಿದ್ದು 2025ರ ಏಪ್ರಿಲ್ 10ರಂದು. ಡೆಲ್ಲಿ ಪರ ಆಡಿದ ಕೆ.ಎಲ್. ರಾಹುಲ್ ಚಿನ್ನಸ್ವಾಮಿಯಲ್ಲಿ ಔಟಾಗದೆ 93 ಹೊಡೆದು ನಮ್ಮನ್ನು ಸೋಲಿಸಿದ. ಆಮೇಲೆ ಬ್ಯಾಟಿನಿಂದ ನೆಲದ ಮೇಲೆ ಸುತ್ತು ಗೆರೆ ಎಳೆದು, ಇದು ನನ್ನ ನೆಲ ಅಂತ ಬ್ಯಾಟು ಊರಿ ತೋರಿಸಿದ. ಅಂಗಡಿಯಲ್ಲಿ ಒಂದು ಗಳಿಗೆ ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಮಾವ ನಿಧಾನಕ್ಕೆ ಚಪ್ಪಾಳೆ ತಟ್ಟಿದರು. "ಅವನು ಹೇಳಿದ್ದು ಸುಳ್ಳಾ? ಹೇಳಿ ನೋಡೋಣ."

ಮೊದಲ ಕಪ್

ಈಗ ಮಾವನ ಮೇಲೆ ನನಗಿರುವ ಒಂದೇ ತಕರಾರು. 2024ರ ಮಾರ್ಚ್ 17ರಂದು ಆರ್‌ಸಿಬಿ ಕಪ್ ಗೆದ್ದಿತು. ಡೆಲ್ಲಿಯಲ್ಲಿ, ಡೆಲ್ಲಿಯ ಮೇಲೆ, ಮಹಿಳಾ ಪ್ರೀಮಿಯರ್ ಲೀಗಿನ ಫೈನಲ್. ಸ್ಮೃತಿ ಮಂಧಾನ ನಾಯಕಿ. ಸೋಫಿ ಮೊಲಿನ್ಯೂ ಒಂದೇ ಓವರಿನಲ್ಲಿ ಮೂರು ವಿಕೆಟ್ ಎತ್ತಿದಳು, ನಮ್ಮ ಶ್ರೇಯಾಂಕಾ ಪಾಟೀಲ್ 12 ರನ್ನಿಗೆ 4 ವಿಕೆಟ್. ಡೆಲ್ಲಿ 113ಕ್ಕೆ ಔಟ್. ಎಂಟು ವಿಕೆಟ್ ಗೆಲುವು. ಈ ಸಲ ಕಪ್ ನಮ್ದೇ ಅನ್ನುತ್ತಿದ್ದೆವು, ಈಗ ಈ ಸಲ ಕಪ್ ನಮ್ದು ಅಂತ ಮೈಕಿನಲ್ಲಿ ಮೊದಲು ಹೇಳಿದ್ದು ಸ್ಮೃತಿ. ಮಹಾರಾಷ್ಟ್ರದ ಹುಡುಗಿ, ಏಕಾರ ಬಿಡುವ ಹೊತ್ತು ಯಾವುದು ಅಂತ ಅವಳಿಗೆ ಗೊತ್ತಿತ್ತು.

ಮಾವ ಆ ಪಂದ್ಯ ನೋಡಿದರು, ಸಂತೋಷಪಟ್ಟರು, ಪುಸ್ತಕದಲ್ಲಿ ಬರೆಯಲಿಲ್ಲ. ಎರಡು ದಿನದ ಮೇಲೆ ಅವರ ಮಗಳು ಪುಸ್ತಕ ತಿರುಗಿಸಿ ನೋಡಿ ಕೇಳಿದಳು. "ಅಪ್ಪ, ಇದು ಯಾಕಿಲ್ಲ?"

"ಅದು ಬೇರೆ ಖಾತೆ ಕಣಮ್ಮ."

"ಮೈಸೂರಿನ ರಣಜಿ ಇದೇ ಖಾತೇಲಿದೆ. ಹುಡುಗೀರು ಗೆದ್ದಿದ್ದು ಬೇರೆ ಖಾತೇನಾ?"

ಮಾವ ಸುಮ್ಮನಾದರು. ಅವಳೇ ಪೆನ್ನು ತೆಗೆದುಕೊಂಡು ತಾರೀಖು, ಸ್ಕೋರು ಬರೆದು, ಬಾಕಿ ಅಂಕಣದಲ್ಲಿ 'ಜಮಾ' ಅಂತ ದಪ್ಪಕ್ಷರದಲ್ಲಿ ಬರೆದಳು. ಆ ಪುಟದಲ್ಲಿ ಬೇರೆ ಕೈಬರಹದ ಸಾಲು ಅದೊಂದೇ. ಅವಳು ಕೇಳಿದ್ದು ನೂರಕ್ಕೆ ನೂರು ಸರಿ. ಹಳೆಯ ಬಾಕಿಯ ಧ್ಯಾನದಲ್ಲಿ ಕೂತವರಿಗೆ ಎದುರಿಗೆ ಬಂದ ಜಮಾ ಕಾಣುವುದಿಲ್ಲ. ಆರ್‌ಸಿಬಿಯ ಮೊದಲ ಕಪ್ ಯಾವುದು ಎಂದು ಇವತ್ತಿಗೂ ಎಷ್ಟೋ ಜನ 2025 ಅನ್ನುತ್ತಾರೆ, ನನಗೆ ಮೈ ಉರಿಯುತ್ತದೆ.

ನಡುವಿನ ವರ್ಷಗಳದ್ದು ಎರಡೇ ಮಾತು ಸಾಕು. 2022ರ ಮೇ 21ರಂದು ನಾವು ಪ್ಲೇ ಆಫ್ ಸೇರಬೇಕಾದರೆ ಮುಂಬೈ ಡೆಲ್ಲಿಯನ್ನು ಸೋಲಿಸಬೇಕಿತ್ತು. 1974ರಿಂದ ಬಾಂಬೆ ಸೋಲಲಿ ಎಂದು ಬೇಡಿಕೊಂಡ ಮನುಷ್ಯ ಆವತ್ತು ಮುಂಬೈ ಹೊಡೆದ ಪ್ರತಿ ಬೌಂಡರಿಗೂ ಜೇನುಕಲ್ ಸಿದ್ಧೇಶ್ವರನಿಗೆ ಕೈಮುಗಿದರು. ಮುಂಬೈ ಗೆದ್ದಿತು. ನಾವು ಎರಡನೇ ಕ್ವಾಲಿಫೈಯರ್‌ನಲ್ಲಿ ರಾಜಸ್ಥಾನಕ್ಕೆ ಸೋತೆವು. 2024ರಲ್ಲಿ ಮೊದಲ ಎಂಟರಲ್ಲಿ ಒಂದೇ ಗೆದ್ದು, ಆಮೇಲೆ ಸತತ ಆರು ಗೆದ್ದು, ಮೇ 18ರ ರಾತ್ರಿ ಚೆನ್ನೈಯನ್ನು ಹೊರದಬ್ಬಿ ಒಳಗೆ ಹೋದೆವು. ಬೀದಿಯಲ್ಲಿ ಪಟಾಕಿ ಹೊಡೆದರು. ನಾಲ್ಕು ದಿನದ ಮೇಲೆ ಮತ್ತೆ ರಾಜಸ್ಥಾನಕ್ಕೇ ಸೋತೆವು.

ಜೂನ್ 3

2025ರ ತಂಡದಲ್ಲಿ ಏನು ಬದಲಾಯಿತೆಂದು ಕೇಳಿದರೆ ನಾನು ಬೌಲಿಂಗ್ ಕಡೆ ಕೈ ತೋರಿಸುತ್ತೇನೆ. ಜೆದ್ದಾದ ಹರಾಜಿನಲ್ಲಿ ಹೇಝಲ್‌ವುಡ್‌ಗೆ 12.5 ಕೋಟಿ, ಭುವನೇಶ್ವರ್‌ಗೆ 10.75 ಕೋಟಿ, ಕೃಣಾಲ್ ಪಾಂಡ್ಯಗೆ 5.75 ಕೋಟಿ. ಇಂದೋರಿನ ರಜತ್ ಪಾಟೀದಾರ್ ನಾಯಕ, ದನಿ ಎತ್ತದ ಮನುಷ್ಯ. ಹೊರಗಿನ ಮೈದಾನಗಳಲ್ಲಿ ಆಡಿದ ಏಳು ಲೀಗ್ ಪಂದ್ಯವನ್ನೂ ಗೆದ್ದರು. 2008ರ ನಂತರ ಗೆಲ್ಲದಿದ್ದ ಚೆನ್ನೈನಲ್ಲೂ ಗೆದ್ದರು.

ಅಹಮದಾಬಾದಿನ ಫೈನಲ್‌ಗೆ ಎದುರಾಳಿಯಾಗಿ ಬಂದದ್ದು ಪಂಜಾಬ್, ನಮ್ಮಷ್ಟೇ ವರ್ಷ ಕಾದವರು. ಅವರ ಕಡೆ ಚಾಹಲ್ ಇದ್ದ. ನಮ್ಮ ಕಡೆ ಭುವನೇಶ್ವರ್, 2016ರಲ್ಲಿ ಆ 18 ರನ್ ಬಿಡದೆ ಕಾಪಾಡಿಕೊಂಡ ಅದೇ ಬೌಲರ್. ಹನ್ನೊಂದರಲ್ಲಿ ಕನ್ನಡದ ಹುಡುಗ ಮಯಂಕ್ ಅಗರವಾಲ್. ಗಾಯಗೊಂಡ ದೇವದತ್ತ ಪಡಿಕ್ಕಲ್ ಜಾಗಕ್ಕೆ ನಡುವೆ ಬಂದು 24 ರನ್ ಕೊಟ್ಟ. ಒಟ್ಟು 190. ಸಾಲದೆಂದು ಮಾವ ಉಗುರು ಕಚ್ಚಿದರು. ಕೃಣಾಲ್ 4 ಓವರಿಗೆ 17 ಕೊಟ್ಟು ಎರಡು ವಿಕೆಟ್ ತೆಗೆದ ಮೇಲೆ ಸ್ವಲ್ಪ ಕಾಲು ಚಾಚಿದರು.

ಕೊನೆಯ ಓವರಿಗೆ 29. ಹೇಝಲ್‌ವುಡ್ ಹಾಕಿದ ಮೊದಲ ಎರಡು ಚೆಂಡಿಗೆ ರನ್ ಇಲ್ಲ. ಗಣಿತ ಮುಗಿಯಿತು. ಟಿವಿಯಲ್ಲಿ ಕೊಹ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದ. 2008ರ ಆ ಒಂದು ರನ್ನಿನ ಹುಡುಗ, ಹದಿನೆಂಟು ಸೀಸನ್ ಒಂದೇ ತಂಡ, ಸೋತ ಮೂರೂ ಫೈನಲ್‌ಗಳಲ್ಲಿ ಇದ್ದವನು. ಅಂಗಡಿಯಲ್ಲಿ ಎಲ್ಲರೂ ಕುಣಿಯುತ್ತಿದ್ದರು. ಮಾವ ಮಾತ್ರ ಸ್ಕೋರು ನೋಡುತ್ತಾ ಕೂತಿದ್ದರು. ಪಂಜಾಬಿನ ಶಶಾಂಕ್ ಸಿಂಗ್ ಕೈಬಿಡಲಿಲ್ಲ, ಉಳಿದ ನಾಲ್ಕು ಚೆಂಡಿಗೆ ಸಿಕ್ಸ್, ಫೋರ್, ಸಿಕ್ಸ್, ಸಿಕ್ಸ್ ಹೊಡೆದ. ಕೊನೆಯ ಚೆಂಡಿಗೆ ಮುಂಚೆ ಅಂತರ 12 ಇತ್ತು, ಆ ಸಿಕ್ಸರಿಗೆ ಅದು ಇಳಿದು ನಿಂತಿತು. 190, 184.

"ಆರು" ಅಂದರು ಮಾವ. "ಲೇ, ಆರು ಕಣೋ." ಅಷ್ಟು ಹೊತ್ತು ಅಳದವರು ಆಗ ಹೆಗಲ ಮೇಲಿನ ಟವೆಲಿಗೆ ಮುಖ ಒತ್ತಿಕೊಂಡು ಅತ್ತರು.

ರಸ್ತೆಯ ಆಚೆ ಟೈಲರ್ ಅಣ್ಣ ತಮ್ಮ ಅಂಗಡಿ ಮೆಟ್ಟಿಲ ಮೇಲೆ ನಿಂತಿದ್ದರು. ಇತ್ತ ಬರಬೇಕೋ ಬೇಡವೋ ಗೊತ್ತಾಗದೆ ಕೈಯಲ್ಲಿ ಟೇಪು ಸುತ್ತಿಕೊಳ್ಳುತ್ತಾ ಬಿಚ್ಚುತ್ತಾ ಇದ್ದರು. ಮಾವ ಹೊರಗೆ ಹೋಗಿ ಅವರ ಕೈಹಿಡಿದು ಕರೆತಂದು ಹಳೇ ಬೆಂಚಿನ ಮೇಲೆ ಕೂರಿಸಿ, ಪೊಟ್ಟಣ ಒಡೆದು ಮೈಸೂರುಪಾಕು ಬಾಯಿಗೆ ಹಾಕಿದರು. ಇಬ್ಬರೂ ಏನೂ ಹೇಳಲಿಲ್ಲ.

ಆ ರಾತ್ರಿ ಪುಸ್ತಕದಲ್ಲಿ ತಾರೀಖು, ಸ್ಕೋರು ಬರೆದರು. ಬಲಗಡೆಯ ಅಂಕಣ ಖಾಲಿ ಬಿಟ್ಟರು. ದೀಪ ಹಚ್ಚಿದ ಮೇಲೆ ಲೆಕ್ಕ ಚುಕ್ತಾ ಮಾಡಬಾರದು, ಬೆಳಿಗ್ಗೆ ಪೂಜೆ ಮಾಡಿ ಬರೀತೀನಿ ಅಂದರು.

ಜೂನ್ 4

ಬೆಳಿಗ್ಗೆ ಬೀದಿಗೆಲ್ಲ ಸಿಹಿ ಹಂಚುವುದರಲ್ಲಿ ಪುಸ್ತಕ ಮರೆತುಹೋಯಿತು. ತಂಡ ಮಧ್ಯಾಹ್ನ ಬೆಂಗಳೂರಿಗೆ ಬರುತ್ತದೆ, ವಿಧಾನಸೌಧದಲ್ಲಿ ಸನ್ಮಾನ, ಚಿನ್ನಸ್ವಾಮಿಯಲ್ಲಿ ಸಂಭ್ರಮ ಅಂತ ಸುದ್ದಿ. ಮಾವನ ಮಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. ಹೋಗ್ತೀನಿ ಅಂದ. "ಹೋಗು, ನನ್ನ ಪರವಾಗಿ ನೋಡ್ಕೊಂಡು ಬಾ" ಎಂದು ಮಾವನೇ ಕಳಿಸಿದರು.

ಸುಮಾರು 35 ಸಾವಿರ ಜನ ಹಿಡಿಸುವ ಮೈದಾನ. ಬಂದವರು ಎರಡು ಮೂರು ಲಕ್ಷ ಎಂದು ಆಮೇಲೆ ಮುಖ್ಯಮಂತ್ರಿಗಳೇ ಹೇಳಿದರು. ಗೇಟುಗಳ ಬಳಿ ನೂಕುನುಗ್ಗಲಾಗಿ 11 ಜನ ಸತ್ತರು, ಐವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಸತ್ತವರಲ್ಲಿ ಹೆಚ್ಚಿನವರು ಎಳೆ ವಯಸ್ಸಿನವರು, ಶಾಲೆಗೆ ಹೋಗುವ ಮಗುವೂ ಇತ್ತು.

ಸಂಜೆ ಐದರಿಂದ ಮಗನ ಫೋನ್ ಸಿಗಲಿಲ್ಲ. ಅತ್ತೆ ದೇವರ ಮನೆಯಿಂದ ಹೊರಗೆ ಬರಲಿಲ್ಲ. ಟಿವಿಯಲ್ಲಿ ಗೇಟಿನ ಮುಂದೆ ಬಿದ್ದಿದ್ದ ಚಪ್ಪಲಿಗಳ ರಾಶಿ ತೋರಿಸುತ್ತಿದ್ದರು. ಮಾವ ಆ ರಾಶಿಯಲ್ಲಿ ಒಂದೊಂದೇ ಚಪ್ಪಲಿ ಗುರುತು ಹಿಡಿಯಲು ನೋಡುತ್ತಿದ್ದರು. ಮಗನ ಚಪ್ಪಲಿ ಹಬ್ಬಕ್ಕೆ ಅವರೇ ಕೊಡಿಸಿದ್ದು, ಕಂದು ಬಣ್ಣದ್ದು. ಒಂಬತ್ತೂವರೆಗೆ ಫೋನ್ ಬಂತು. ಅವನು ಕೂತಿದ್ದ ಮೆಟ್ರೊ ಕಬ್ಬನ್ ಪಾರ್ಕ್‌ನಲ್ಲಿ ನಿಲ್ಲದೆ ಮುಂದೆ ಹೋಗಿತ್ತು, ವಾಪಸು ಹಾಸ್ಟೆಲಿಗೆ ಹೋಗಿದ್ದ, ಫೋನಿನ ಚಾರ್ಜು ಮುಗಿದಿತ್ತು. ಇಷ್ಟೇ. ಒಂದು ನಿಲ್ದಾಣದಲ್ಲಿ ರೈಲು ನಿಂತಿದ್ದರೆ ಏನಾಗುತ್ತಿತ್ತೋ ಎಂಬುದನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿಲ್ಲ.

ಹದಿನೆಂಟು ವರ್ಷ ಈ ಜನರ ನಿಷ್ಠೆಯನ್ನು ಜಾಹೀರಾತಿನಲ್ಲಿ, ವೇದಿಕೆಯಲ್ಲಿ ಹಾಡಿ ಹೊಗಳಿದ್ದರು. ಹಾಗೆ ಹೊಗಳಿದವರಿಗೂ, ಊರನ್ನು ಕಾಯುವ ಹೊಣೆ ಹೊತ್ತವರಿಗೂ ಈ ಜನ ಎಷ್ಟಿದ್ದಾರೆ, ಕರೆದರೆ ಎಷ್ಟು ಬರುತ್ತಾರೆ ಎಂಬುದು ಗೊತ್ತಿರಬೇಕಿತ್ತು. ಅರಸೀಕೆರೆಯ ಅಂಗಡಿಯವನಿಗೆ ಗೊತ್ತಿತ್ತು. ಮೂವತ್ತು ಸಾವಿರ ಜನ ಸೋತು ಸುಮ್ಮನೆ ನಡೆದು ಹೋದ 2016ರ ರಾತ್ರಿ ಒಬ್ಬರಿಗೊಬ್ಬರು ಭುಜ ತಾಗಿಸದೆ ನಡೆದಿದ್ದರು. ಅಂಥ ಜನ ಒಂದು ಗೆಲುವನ್ನು ಕಣ್ಣಾರೆ ನೋಡಲು ಬಂದರು.

ದೀಪಾವಳಿಗೆ ಹೋದಾಗ ಮಾವ ಅಂಗಡಿ ಪೂಜೆ ಮುಗಿಸಿ ಹೊಸ ಉದ್ರಿ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ, ಹಳೇ ಬಾಕಿ ಏರಿಸುತ್ತಾ ಕೂತಿದ್ದರು. ಮುಂದಿನ ಭಾಗ ಮುಗಿದ ಮೇಲೆ ಪುಸ್ತಕ ತಿರುಗಿಸಿದರು. 2008 ಬರೆದರು, 140. 2009 ಬರೆದರು, 6. ಮೈಸೂರು, 6. 2016, 8. 2024ರ ಮಾರ್ಚ್ ಬಂದಾಗ ಮಗಳನ್ನು ಕೂಗಿ ಪೆನ್ನು ಅವಳ ಕೈಗೆ ಕೊಟ್ಟರು. ಅವಳು ಮೊದಲಿನ ಹಾಗೆಯೇ ದಪ್ಪಕ್ಷರದಲ್ಲಿ ಬರೆದಳು. 2025ರ ಸಾಲಿಗೆ ಬಂದರು. ಜೂನ್ 3, 190ಕ್ಕೆ 9, 184ಕ್ಕೆ 7. ಬಲಗಡೆ ಏನೂ ಬರೆಯಲಿಲ್ಲ. ಅದರ ಕೆಳಗೆ ಇನ್ನೊಂದು ಸಾಲು: ಜೂನ್ 4, 11 ಜನ. ಅದರ ಬಲಗಡೆಯೂ ಏನೂ ಬರೆಯಲಿಲ್ಲ.

ಶಾಯಿ ಆರಲೆಂದು ಪುಟವನ್ನು ತೆರೆದೇ ಇಟ್ಟು ನನ್ನ ಕಡೆ ತಿರುಗಿದರು.

"ಇಪ್ಪತ್ತೈದನೇ ತಾರೀಖಿಗೆ ಶಿವಮೊಗ್ಗದಲ್ಲಿ ರಣಜಿ ಮ್ಯಾಚ್ ಇದೆಯಂತೆ, ಗೋವಾ ಮೇಲೆ. ನವುಲೆ ಗ್ರೌಂಡಲ್ಲಿ. ಬೆಳಗಿನ ರೈಲಿಗೆ ಹೋಗಿ ಸಂಜೆ ಬಂದ್ಬಿಡೋಣ. ಹುಡುಗನ್ನೂ ಕರ್ಕೊಂಡು ಹೋಗೋಣ."

"ಆಯ್ತು ಮಾವ" ಅಂದೆ.

"ಅಲ್ಲಿ ಕೂರೋಕೆ ಜಾಗ ಇರುತ್ತೆ" ಅಂದರು.